ನರಗುಂದದ ಹತ್ತಿ ಮತ್ತು ಓದಿದವರ ಉದ್ಯಮ

ಓದಿದ ಯುವಕರು ಹಳ್ಳಿಗೆ ಮರಳಿ ಕೃಷಿಯಲ್ಲಿ ಉದ್ಯಮ ಕಟ್ಟಬೇಕು ಎಂಬ ಉಪದೇಶವನ್ನು ನಾವು ಎರಡು ದಶಕಗಳಿಂದ ಕೇಳುತ್ತಿದ್ದೇವೆ. ಏಷ್ಯಾ, ಆಫ್ರಿಕಾಗಳ ಅನೇಕ ಬಡ ದೇಶಗಳಲ್ಲಿಯೂ ಇದೇ ಮಾತಿದೆ. ನಮ್ಮಲ್ಲಿ 2002ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಕೃಷಿ ಪದವೀಧರರಿಗೆ ಉಚಿತ ತರಬೇತಿ ಮತ್ತು ಬ್ಯಾಂಕ್ ಸಾಲ ಒದಗಿಸುವ ‘ಅಗ್ರಿ ಕ್ಲಿನಿಕ್’ ಯೋಜನೆಯನ್ನು ಆರಂಭಿಸಿತು. ಮಣ್ಣು ಪರೀಕ್ಷೆ, ಬೀಜ ಗೊಬ್ಬರದ ಮಾರಾಟ, ಯಂತ್ರಗಳ ಬಾಡಿಗೆ, ರೈತರಿಗೆ ಸಲಹೆ ಇವೆಲ್ಲ ಅದರಲ್ಲಿ ಸೇರಿವೆ. ಒಳ್ಳೆಯದೇ. ಆದರೆ ಉದ್ಯಮವೆಂದರೆ ನಷ್ಟದ ಹೊಣೆ ಹೊರುವುದೂ ಹೌದಲ್ಲವೇ? ಆ ಹೊಣೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ತಿಳಿಯಲು ನರಗುಂದದ ಎರೆಭೂಮಿಯ ಇತಿಹಾಸವನ್ನು ಓದಬೇಕು.

ಇಲ್ಲಿನ ರೈತ ಮಾರುಕಟ್ಟೆಗೆ ಹೊಸಬನಲ್ಲ. 1840ರ ದಶಕದಲ್ಲಿಯೇ ಬ್ರಿಟಿಷರು ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿಯನ್ನು ಬಿತ್ತಿಸಿದ್ದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅರಳೆ ಸಾಲದಾದಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಇಳಿಯಿತು.

ನೂರು ವರ್ಷಗಳ ಬಳಿಕ ಹತ್ತಿ ಮತ್ತೆ ಆಸೆ ಹುಟ್ಟಿಸಿತು. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಿಂದ ಡಾ. ಬಿ.ಎಚ್. ಕಾತರಕಿಯವರ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿ ಹೊರಬಂತು. ಇಲ್ಲಿನ ‘ಲಕ್ಷ್ಮಿ’ ತಳಿಯನ್ನು ರಷ್ಯಾದಿಂದ ಬಂದ ನೀಳ ಎಳೆಯ ತಳಿಯೊಂದಿಗೆ ಕೂಡಿಸಿ ಪಡೆದದ್ದು ಅದು. ಬೀಜ ತಯಾರಿಸಲು ಹೂವಿನ ಕೇಸರಗಳನ್ನು ಒಂದೊಂದಾಗಿ ಕೈಯಿಂದ ತೆಗೆದು ಇನ್ನೊಂದು ತಳಿಯ ಪರಾಗವನ್ನು ಸವರಬೇಕು. ಆದ್ದರಿಂದ ಬೀಜ ದುಬಾರಿ. ಬೆಳೆದ ಬೀಜವನ್ನೇ ಮರುವರ್ಷ ಬಿತ್ತಿದರೆ ಗುಣ ಉಳಿಯದು, ಪ್ರತಿ ವರ್ಷವೂ ಕೊಳ್ಳಬೇಕು. ಮೇಲೆ ಗೊಬ್ಬರ, ಔಷಧಿಯ ಖರ್ಚು. ಅದೇ ದಶಕದಲ್ಲಿ ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟೆಯಿಂದ ಮಲಪ್ರಭೆಯ ಕಾಲುವೆ ಬಂತು. ರೈತ ಸಾಲ ತೆಗೆದು ಬಂಡವಾಳ ಹೂಡಿದ. ಇಂದು ತರಬೇತಿ ಕೊಟ್ಟು ಕಲಿಸುತ್ತಿರುವ ಉದ್ಯಮಶೀಲತೆ ಇದಲ್ಲದೆ ಬೇರೇನು?

ದಶಕ ಮುಗಿಯುವಷ್ಟರಲ್ಲಿ ಹತ್ತಿಯ ಬೆಲೆ ಕುಸಿಯಿತು. ಸರಕಾರವಾದರೋ ನೀರಾವರಿಯಿಂದ ಭೂಮಿಯ ಮೌಲ್ಯ ಹೆಚ್ಚಿದೆಯೆಂದು ಅಭಿವೃದ್ಧಿ ಕರ ಕೇಳಿತು, ನೀರಿನ ಕರದ ಬಾಕಿಯನ್ನೂ ಕೇಳಿತು. ನೀರು ಸರಿಯಾಗಿ ತಲುಪದ ಹೊಲಗಳಿಗೂ ಕರ ಬಿದ್ದಿದೆಯೆಂಬುದು ರೈತರ ದೂರಾಗಿತ್ತು. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿತು. ಪೊಲೀಸರ ಗುಂಡಿಗೆ ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಬಲಿಯಾದರು. ನರಗುಂದದಲ್ಲಿ ಉದ್ರಿಕ್ತ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಹುತಾತ್ಮ ರೈತರನ್ನು ಸ್ಮರಿಸುವಾಗ ಇದನ್ನು ಮರೆಮಾಚುವುದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ.

ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಅದರ ಮುಂಚೂಣಿಯಲ್ಲಿದ್ದ ಎಂ.ಡಿ. ನಂಜುಂಡಸ್ವಾಮಿಯವರು ಕಾನೂನು ಓದಿದವರು. ಬೆಳೆಯ ಖರ್ಚಿಗೆ ತಕ್ಕ ಬೆಲೆ ಎಲ್ಲಿ ಎಂದು ಸರಕಾರವನ್ನು ಕೇಳುವುದನ್ನು ಅವರ ಚಳವಳಿ ರೈತರಿಗೆ ಕಲಿಸಿತು. ವಿದ್ಯಾವಂತನೊಬ್ಬ ಕೃಷಿಗೆ ಸಲ್ಲಿಸಬಹುದಾದ ಸೇವೆಗಳಲ್ಲಿ ಇದೂ ಒಂದು.

ಕೇಳುವುದಷ್ಟೇ ಅಲ್ಲ, ಕೂಡಿ ಕಟ್ಟುವುದನ್ನೂ ಈ ಸೀಮೆ ಬಹಳ ಹಿಂದೆಯೇ ಕಲಿತಿತ್ತು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ದೇಶದ ಮೊದಲ ಇಂಥ ಸಂಘವೆಂದು ಅದು ಹೆಸರಾಗಿದೆ. 1915ರಲ್ಲಿ ಹುಬ್ಬಳ್ಳಿಯಲ್ಲಿ ರೈತರ ಹತ್ತಿಯನ್ನು ಒಟ್ಟಾಗಿ ಮಾರುವ ಸಹಕಾರ ಸಂಘವೂ ಬಂತು. ಸಾಲ ಮತ್ತು ಮಾರಾಟ ಎರಡೂ ರೈತನ ಕೈಯಲ್ಲಿರಬೇಕೆಂಬ ವಿಚಾರ ಇವುಗಳ ಹಿಂದಿತ್ತು.

2020ರಲ್ಲಿ ಕೇಂದ್ರ ಸರಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಪ್ರಕಟಿಸಿತು. ಸಂಸ್ಥೆಯೊಂದಕ್ಕೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿಗಳವರೆಗೆ ನಿರ್ವಹಣಾ ನೆರವು. ಅದರಲ್ಲಿ ಮುಖ್ಯ ಕಾರ್ಯನಿರ್ವಾಹಕನ ಸಂಬಳವೂ ಸೇರಿದೆ. ನಮ್ಮ ಅಭಿಪ್ರಾಯದಲ್ಲಿ, 1986ರಲ್ಲಿ ಸ್ಥಾಪನೆಯಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದಿಂದ ಹೊರಬರುವ ಹುಡುಗ ಹುಡುಗಿಯರಿಗೆ ಒಂಟಿ ಅಂಗಡಿಗಿಂತ ಈ ಕೆಲಸವೇ ಲೇಸು. ಹೆಸರು, ಕಡಲೆ, ಗೋವಿನಜೋಳ, ಉಳ್ಳಾಗಡ್ಡಿಗಳನ್ನು ಒಟ್ಟುಗೂಡಿಸಿ, ಸ್ವಚ್ಛಗೊಳಿಸಿ, ತೂಗಿ ಮಾರಲು ಓದಿದವರೇ ಬೇಕು. ಹತ್ತಿ ಬಿಡಿಸುವ, ಕಳೆ ಕೀಳುವ ಕೂಲಿಕಾರರ ಮನೆಗಳಲ್ಲೂ, ಮುಸ್ಲಿಮ್ ಮತ್ತು ದಲಿತ ಕುಟುಂಬಗಳಲ್ಲೂ, ಮಕ್ಕಳು ಈಗ ಪದವಿ ಪಡೆಯುತ್ತಿದ್ದಾರೆ. ನಷ್ಟವಾದರೆ ಮಾರಲು ಒಂದೆಕರೆಯೂ ಇಲ್ಲದವರಿಗೆ ಸಾಲದ ಉದ್ಯಮಕ್ಕಿಂತ ಸಂಬಳದ ಹುದ್ದೆ ಸುರಕ್ಷಿತ. ಮೂರು ವರ್ಷ ಕಳೆದ ಮೇಲೆ ಮಾತ್ರ ಆ ಸಂಬಳ ಸಂಸ್ಥೆಯ ವ್ಯಾಪಾರದಿಂದಲೇ ಹುಟ್ಟಬೇಕು.