ಹೊಗೆಗೂಡು ಮುಚ್ಚಿದ ಮೇಲೆ

ಶೀತದೇಶಗಳ ಮನೆಯ ಚರಿತ್ರೆಯನ್ನು ಬರೆಯುವವರು ಒಲೆಯ ವಿಚಾರ ಹೇಳುತ್ತಾರೆ, ಗೋಡೆಯ ವಿಚಾರ ಹೇಳುತ್ತಾರೆ. ಹೊಗೆಗೂಡಿನ ವಿಚಾರವನ್ನು ಮಾತ್ರ ಹೆಚ್ಚಾಗಿ ಮರೆಯುತ್ತಾರೆ. ಅದು ಹೊಗೆಯನ್ನು ಹೊರಹಾಕುವ ಕೊಳವೆಯೆಂದಷ್ಟೇ ನಾವೂ ತಿಳಿದಿರುತ್ತೇವೆ. ಆದರೆ ಯಾರೂ ಹೇಳದೆಯೇ ಅದು ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಒಳಗಿನ ಬಿಸಿಗಾಳಿ ಅದರ ಮೂಲಕ ಮೇಲೇರಿ ಹೋದಷ್ಟೂ ಕಿಟಕಿಯ ಸಂದು, ಬಾಗಿಲ ಬುಡ, ನೆಲಮಾಳಿಗೆಯ ಬಿರುಕುಗಳಿಂದ ಹೊರಗಿನ ಗಾಳಿ ಒಳಕ್ಕೆ ಎಳೆಯಲ್ಪಡುತ್ತಿತ್ತು. ಅದರೊಡನೆ ಚಳಿಯೂ ಬರುತ್ತಿತ್ತು, ನಿಜ. ಅಡಿಗೆಯ ಆವಿ, ಜನರ ಉಸಿರು, ಒಣಹಾಕಿದ ಬಟ್ಟೆಯ ತೇವ ಇವೆಲ್ಲ ಹೊರಗೆ ಹೋಗುತ್ತಿದ್ದುದೂ ಅದೇ ಸೆಳೆತದಿಂದ.

ಹಳೆಯ ಮನೆಯೊಂದನ್ನು ನವೀಕರಿಸಿ ಇಂಧನದ ವೆಚ್ಚ ತಗ್ಗಿಸಬಯಸುವ ಕೆನಡಾದ ಅಥವಾ ಜರ್ಮನಿಯ ಗೃಹಸ್ಥನ ಮುಂದೆ ಇಂದು ಮೂರು ಪ್ರಶ್ನೆಗಳಿರುತ್ತವೆ. ಗೋಡೆಗೆ ಏನನ್ನು ಹೊದಿಸಬೇಕು? ಶುದ್ಧ ಗಾಳಿ ಎಲ್ಲಿಂದ ಬರಬೇಕು? ಯಾವ ಯಂತ್ರದಿಂದ ಮನೆಯನ್ನು ಕಾಯಿಸಬೇಕು? ಇವು ಒಂದಕ್ಕೊಂದು ಹೆಣೆದ ಪ್ರಶ್ನೆಗಳು, ಇವನ್ನು ಕೇಳುವುದಕ್ಕೆ ಒಂದು ಅನುಕ್ರಮವೂ ಇದೆ ಎಂಬ ಅರಿವು ಹುಟ್ಟಿದ್ದು ತೀರ ಇತ್ತೀಚೆಗೆ. ಅದರ ಬಹುಭಾಗ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ಗೋಧಿಯ ಬಯಲಿನಲ್ಲಿ ಹುಟ್ಟಿತು. ಆ ಅರಿವು ಬರುವ ಮುನ್ನ ಅದರ ಬೆಲೆ ತೆತ್ತವರು ಬಹಳ ಮಂದಿ.

ಮೊದಲ ಸೂಚನೆ ವಿದ್ಯುತ್ತಿನಿಂದ ಬಂದಿತು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಕೆನಡಾದಲ್ಲಿ ವಿದ್ಯುತ್ ಹೀಟರುಗಳಿಂದಲೇ ಕಾಯುವ ಮನೆಗಳು ಕಾಣಿಸಿಕೊಂಡವು. ಅವುಗಳಿಗೆ ಹೊಗೆಗೂಡು ಬೇಕಿರಲಿಲ್ಲ. ಗೋಡೆಯೂ ಅದೇ, ಕಿಟಕಿಯೂ ಅದೇ; ಆದರೂ ಆ ಮನೆಗಳ ಗಾಜಿನ ಮೇಲೆ ನೀರು ಇಳಿಯತೊಡಗಿತು, ಅಟ್ಟದ ಮರದ ಮೇಲೆ ಹಿಮ ಕಟ್ಟಿ ವಸಂತದಲ್ಲಿ ಕರಗಿ ತೊಟ್ಟಿಕ್ಕತೊಡಗಿತು. ಸೋರಿಕೆಯೆಂದು ಜನ ಛಾವಣಿಯನ್ನು ದೂರಿದರು. ಮನೆಯ ಉಸಿರಾಟಕ್ಕಿದ್ದ ಕೊಳವೆಯನ್ನು ಒಲೆಯ ಜೊತೆಗೆ ತೆಗೆದುಹಾಕಿದ್ದೇವೆಂಬುದು ಕಟ್ಟಡವಿಜ್ಞಾನದ ಕೆಲವರಿಗೆ ಮಾತ್ರ ಹೊಳೆಯಿತು. ಕಾಯಿಸುವ ಬಗೆಯನ್ನು ಬದಲಿಸಿದವನು ಗಾಳಿಯ ಬಗೆಯನ್ನೂ ಬದಲಿಸಿರುತ್ತಾನೆ. ನಮ್ಮ ಬಳಗದ ದೆಹಲಿಯ ಓದುಗರಿಗೆ ಇದರ ಇನ್ನೊಂದು ಮುಖ ತಿಳಿದೇ ಇದೆ: ಜನವರಿಯ ರಾತ್ರಿ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ ಒಳಗೆ ಇದ್ದಿಲ ಅಂಗೀಠಿ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲವೆಂಬ ಸುದ್ದಿ ಅಲ್ಲಿ ಚಳಿಗಾಲದ ಪತ್ರಿಕೆಗಳಿಗೆ ಹೊಸದಲ್ಲ.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲದ ನಿರ್ಬಂಧ ಹೇರಿದವು. ಕೆಲವೇ ತಿಂಗಳುಗಳಲ್ಲಿ ಒಂದು ಪೀಪಾಯಿ ಕಚ್ಚಾತೈಲದ ಬೆಲೆ ಸುಮಾರು 3 ಡಾಲರಿನಿಂದ 12 ಡಾಲರಿನ ಹತ್ತಿರಕ್ಕೆ ಏರಿತು. ವರ್ಷದ ಅರ್ಧದಷ್ಟು ಕಾಲ ಮನೆಯನ್ನು ಕಾಯಿಸಲೇಬೇಕಾದ ನಾಡಿನಲ್ಲಿ ಇದು ಪ್ರತಿ ಸಂಸಾರದ ಲೆಕ್ಕವನ್ನೂ ಕೆಡಿಸಿತು. ಕೆನಡಾ ಸರ್ಕಾರ 1977ರಲ್ಲಿ ಹಳೆಯ ಮನೆಗಳಿಗೆ ಉಷ್ಣನಿರೋಧಕ ಹಾಕಿಸಿಕೊಳ್ಳುವವರಿಗೆ ಧನಸಹಾಯದ ಯೋಜನೆಯೊಂದನ್ನು ತಂದಿತು. ಹಳೆಯ ಗೋಡೆಗಳ ಒಳಗೆ ಟೊಳ್ಳು ಜಾಗವಿತ್ತು. ಗೋಡೆಯನ್ನು ಒಡೆಯದೆ ಅದನ್ನು ತುಂಬುವ ಸುಲಭೋಪಾಯವೆಂದರೆ ಯೂರಿಯಾ ಫಾರ್ಮಾಲ್ಡಿಹೈಡ್ ನೊರೆ. ಸಣ್ಣ ತೂತು ಕೊರೆದು, ಕ್ಷೌರದ ನೊರೆಯಂಥ ದ್ರವ್ಯವನ್ನು ಪಂಪಿನಿಂದ ಒಳಕ್ಕೆ ತುಂಬಿ, ತೂತನ್ನು ಮುಚ್ಚಿಬಿಟ್ಟರೆ ಆಯಿತು. ಒಳಗೆ ಅದು ತಾನೇ ಗಟ್ಟಿಯಾಗುತ್ತಿತ್ತು. ಅಲ್ಪಾವಧಿಯ ಕೆಲಸ, ಸರ್ಕಾರದ ಹಣ. ಹತ್ತಾರು ಸಾವಿರ ಮನೆಗಳು ಹೀಗೆ ತುಂಬಿದವು.

ಈ ನೊರೆಯನ್ನು ಕಾರ್ಖಾನೆಯಲ್ಲಿ ತಯಾರಿಸಿ ತರುತ್ತಿರಲಿಲ್ಲ. ಕೆಲಸಗಾರನೇ ಮನೆಯ ಮುಂದೆ ಬೆರೆಸುತ್ತಿದ್ದ. ಪ್ರಮಾಣ ತಪ್ಪಿದರೆ ಅದು ಕುಗ್ಗುತ್ತಿತ್ತು, ಫಾರ್ಮಾಲ್ಡಿಹೈಡ್ ಅನಿಲವನ್ನು ಹೊರಬಿಡುತ್ತಿತ್ತು. ಕಣ್ಣುರಿ, ಗಂಟಲ ಕೆರೆತ, ಉಸಿರಾಟದ ತೊಂದರೆಗಳ ದೂರುಗಳು ಬಂದವು. 1980ರ ಡಿಸೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಹಾಕಿಸಲು ಹಣ ಕೊಟ್ಟ ಸರ್ಕಾರವೇ ಮುಂದೆ ಕಿತ್ತು ತೆಗೆಸಲೂ ಹಣ ಕೊಡಬೇಕಾಯಿತು. ಮನೆ ಮಾರುವವರು ಗೋಡೆಯಲ್ಲಿ ಈ ನೊರೆ ಇದೆಯೇ ಎಂಬುದನ್ನು ಘೋಷಿಸಬೇಕಾಯಿತು. ಇದೆ ಎಂದವರ ಮನೆಗೆ ಬೆಲೆ ಬರಲಿಲ್ಲ. ಕ್ವಿಬೆಕ್ ಪ್ರಾಂತ್ಯದಲ್ಲಿ ಮಾಲೀಕರು ಹೂಡಿದ ಮೊಕದ್ದಮೆ ವರ್ಷಗಟ್ಟಲೆ ನಡೆದು, 1991ರಲ್ಲಿ ತೀರ್ಪು ಅವರಿಗೆ ವಿರುದ್ಧವಾಗಿ ಬಂತು. ನೊರೆಯಿಂದಲೇ ರೋಗ ಬಂದಿತೆಂಬುದು ನ್ಯಾಯಾಲಯಕ್ಕೆ ಮನವರಿಕೆಯಾಗಲಿಲ್ಲ. ವೈದ್ಯಕೀಯ ವಿವಾದವನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ನಮಗೆ ಕಾಣುವುದು ಇಷ್ಟು: ಆ ಯೋಜನೆಯ ಭರಾಟೆಯಲ್ಲಿ ಗೋಡೆಗೆ ಏನು ತುಂಬಬೇಕೆಂಬುದಕ್ಕೆ ಉತ್ತರ ಸಿಕ್ಕಿತ್ತು, ತುಂಬಿದ ಮೇಲೆ ಒಳಗಿನವರು ಏನನ್ನು ಉಸಿರಾಡುತ್ತಾರೆ ಎಂಬುದನ್ನು ಮುಂಚಿತವಾಗಿ ಕೇಳಿದವರು ವಿರಳ.

ಅದೇ 1977ರಲ್ಲಿ ಸಸ್ಕ್ಯಾಚೆವಾನಿನ ರಾಜಧಾನಿ ರಿಜೈನಾದಲ್ಲಿ ಬೇರೊಂದು ಪ್ರಯೋಗ ನಡೆಯಿತು. ಪ್ರಾಂತೀಯ ಸರ್ಕಾರ ತನ್ನ ಹವೆಗೆ ಒಗ್ಗುವ ಸೌರಗೃಹವೊಂದನ್ನು ಬಯಸಿತ್ತು. ಆ ಕೆಲಸ ವಹಿಸಿಕೊಂಡವರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಹೆರಾಲ್ಡ್ ಓರ್, ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದ ರಾಬರ್ಟ್ ಬೆಸಂಟ್, ಅವರೊಡನೆ ರಾಬ್ ಡ್ಯೂಮಾಂಟ್ ಮುಂತಾದವರಿದ್ದರು. ಇವರ ಲೆಕ್ಕ ಸರಳವಾಗಿತ್ತು. ಸಸ್ಕ್ಯಾಚೆವಾನಿನ ಚಳಿಗಾಲದಲ್ಲಿ ಹಗಲು ಚಿಕ್ಕದು, ಸೂರ್ಯ ದಿಗಂತಕ್ಕೆ ಅಂಟಿಕೊಂಡಿರುತ್ತಾನೆ, ರಾತ್ರಿ ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ ಇಳಿಯುವುದು ಅಪರೂಪವಲ್ಲ. ಇಂಥಲ್ಲಿ ಶಾಖವನ್ನು ಗಳಿಸುವುದಕ್ಕಿಂತ ಇದ್ದುದನ್ನು ಉಳಿಸಿಕೊಳ್ಳುವುದೇ ಅಗ್ಗ.

ಹೀಗೆ ಎಂದಾಕ್ಷಣ ದಪ್ಪ ಗೋಡೆಯೆಂದು ತೋರುತ್ತದೆ. ಗೋಡೆ ದಪ್ಪವೂ ಇತ್ತು. ಎರಡು ಮರದ ಚೌಕಟ್ಟುಗಳನ್ನು ನಿಲ್ಲಿಸಿ ನಡುವೆಯೆಲ್ಲ ನಿರೋಧಕ ತುಂಬಿದ್ದರು. ಆದರೆ ಓರ್ ಹೆಚ್ಚು ಗಮನವಿಟ್ಟದ್ದು ಒಂದು ತೆಳುವಾದ ಪಾಲಿಥೀನ್ ಹಾಳೆಯ ಮೇಲೆ. ಕಂಬಳಿ ಹೊದ್ದು ಹೊಲದ ಬದುವಿನಲ್ಲಿ ಕುಳಿತವನಿಗೆ ಇದರ ಮರ್ಮ ಗೊತ್ತು: ಗಾಳಿ ನಿಂತಿದ್ದರೆ ಕಂಬಳಿ ಬೆಚ್ಚಗೆ, ಬೀಸಿದರೆ ಅದೇ ಕಂಬಳಿಯೊಳಗಿಂದ ಚಳಿ ಚುಚ್ಚುತ್ತದೆ. ಉಣ್ಣೆ ಕಾಯುವುದು ತನ್ನ ಎಳೆಗಳ ನಡುವೆ ನಿಂತ ಗಾಳಿಯಿಂದ. ಗಾಳಿ ಓಡಿದರೆ ಅದು ಕೆಲಸಕ್ಕೆ ಬಾರದು. ಗೋಡೆಯೊಳಗಿನ ಫೈಬರ್‌ಗ್ಲಾಸಿಗೂ ಇದೇ ನಿಯಮ. ಆದ್ದರಿಂದ ಗೋಡೆ, ಛಾವಣಿ, ಕಿಟಕಿಯ ಚೌಕಟ್ಟುಗಳ ಕೂಡುಗೆರೆಗಳಲ್ಲೆಲ್ಲ ಹಾಳೆಯನ್ನು ಬಿಡುವಿಲ್ಲದೆ ಹಾಯಿಸಿ ಅಂಟಿಸಿದರು. ಫ್ಯಾನಿನಿಂದ ಮನೆಯ ಒಳಹೊರಗಿನ ಒತ್ತಡದಲ್ಲಿ 50 ಪಾಸ್ಕಲ್ ಅಂತರ ಉಂಟುಮಾಡಿ, ಗಂಟೆಗೆ ಎಷ್ಟು ಸಲ ಮನೆಯ ಗಾಳಿಯೆಲ್ಲ ಸೋರಿ ಬದಲಾಗುತ್ತದೆಂದು ಅಳೆಯುವ ಪರೀಕ್ಷೆಯಿದೆ. ರಿಜೈನಾದ ಮನೆಯಲ್ಲಿ ಆ ಸಂಖ್ಯೆ 0.8. ಇಂದು ಪ್ಯಾಸಿವ್ ಹೌಸ್ ಎಂಬ ಪ್ರಮಾಣಪತ್ರಕ್ಕೆ ಇರುವ ಮಿತಿ 0.6.

ಇಷ್ಟು ಬಿಗಿಯಾದ ಮನೆಯಲ್ಲಿ ಹೊಗೆಗೂಡಿನ ಹಳೆಯ ಕೆಲಸವನ್ನು ಯಾರಾದರೂ ಮಾಡಲೇಬೇಕಷ್ಟೆ. ವಿಶ್ವವಿದ್ಯಾಲಯದವರು ಪ್ಲೈವುಡ್ಡಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಹಾಳೆಗಳನ್ನು ಸಾಲಾಗಿ ಇಳಿಬಿಟ್ಟು ಒಂದು ಸಾಧನ ಮಾಡಿದರು. ಹೊರಹೋಗುವ ಬೆಚ್ಚನೆಯ ಕೊಳೆಗಾಳಿ ಹಾಳೆಯ ಒಂದು ಮಗ್ಗುಲಲ್ಲಿ, ಒಳಬರುವ ತಣ್ಣನೆಯ ಶುದ್ಧಗಾಳಿ ಇನ್ನೊಂದು ಮಗ್ಗುಲಲ್ಲಿ ಹರಿಯುತ್ತವೆ. ಎರಡೂ ಬೆರೆಯುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ಕೊರೆಯುವ ಚಳಿಯಲ್ಲಿ ಒಳಗಿನ ತೇವ ಇಂಥ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುವ ಕಾಟವಿತ್ತು, ಆಗಾಗ ಕರಗಿಸಬೇಕಾಗುತ್ತಿತ್ತು. ಮನೆಯಲ್ಲೇ ಇಂಥ ಪೆಟ್ಟಿಗೆ ಮಾಡಿಕೊಳ್ಳುವ ವಿಧಾನವನ್ನು ಅವರು ಕೇಳಿದವರಿಗೆಲ್ಲ ಹಂಚಿದರು. ಪೇಟೆಂಟಿನ ಹಂಬಲವಿಲ್ಲದ ಆ ಔದಾರ್ಯ ನಮಗೆ ಬಹಳ ಹಿಡಿಸುತ್ತದೆ.

ಆ ಮನೆಯಲ್ಲಿ ಫರ್ನೇಸ್ ಇರಲಿಲ್ಲ. ಸರ್ಕಾರ ಸೌರಗೃಹ ಕೇಳಿತ್ತಾದ್ದರಿಂದ ನಿರ್ವಾತ ಕೊಳವೆಗಳ ಸೌರಸಂಗ್ರಾಹಕ, ಬಿಸಿನೀರಿನ ತೊಟ್ಟಿ ಎಲ್ಲವನ್ನೂ ಅಳವಡಿಸಿದ್ದರು. ಮನೆಯಲ್ಲಿ ಅತಿ ದುಬಾರಿಯಾದದ್ದೂ ಅತಿ ತೊಂದರೆ ಕೊಟ್ಟದ್ದೂ ಅದೇ ವ್ಯವಸ್ಥೆ. ನೋಡಲು ಬಂದ ಸಾವಿರಾರು ಜನರ ಕಣ್ಣು ಕೊಳವೆಗಳ ಮೇಲೆಯೇ ನೆಟ್ಟಿತ್ತೆಂದು ಊಹಿಸಬಹುದು. ಪ್ಲಾಸ್ಟಿಕ್ ಹಾಳೆ ಗೋಡೆಯೊಳಗೆ ಮರೆಯಾಗಿತ್ತು.

ಹೊಸ ಮನೆಯಲ್ಲಿ ಇದೆಲ್ಲ ಸಾಧ್ಯ, ಇರುವ ಮನೆಯಲ್ಲಿ ಹೇಗೆ? ಓರ್ ಮತ್ತು ಡ್ಯೂಮಾಂಟ್ 1982ರಲ್ಲಿ ಸಸ್ಕಟೂನಿನ ಒಂದು ಸಾಮಾನ್ಯ ಮನೆಯ ಮೇಲೆ ಕೈಯಿಟ್ಟರು. ಹೊರಗಿನಿಂದ ಹಾಳೆ ಸುತ್ತಲು ಅಡ್ಡಿಯಾದದ್ದು ಸೂರು. ಗೋಡೆಯ ತಲೆಯೂ ಛಾವಣಿಯ ಬುಡವೂ ಸಂಧಿಸುವ ಆ ಜಾಗದಲ್ಲಿ ಹಾಳೆ ತುಂಡಾಗದೆ ಹಾಯುವುದು ಹೇಗೆ? ಅವರು ಯಂತ್ರದ ಗರಗಸ ತಂದು ಮುಂಚಾಚಿದ ಸೂರನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿಯೇ ಬಿಟ್ಟರು. ಪೆಟ್ಟಿಗೆಯಂತಾದ ಮನೆಗೆ ಬುಡದಿಂದ ನೆತ್ತಿಯವರೆಗೆ ಪಾಲಿಥೀನ್ ಸುತ್ತಿ, ಅದರ ಹೊರಗೆ ಹೊಸ ಚೌಕಟ್ಟು ಕಟ್ಟಿ, ನಿರೋಧಕ ತುಂಬಿ, ಹೊಸ ಸೂರನ್ನು ಕೂರಿಸಿದರು. 50 ಪಾಸ್ಕಲ್ ಪರೀಕ್ಷೆಯಲ್ಲಿ ಸೋರಿಕೆ ಗಂಟೆಗೆ 2.95ರಿಂದ 0.29ಕ್ಕೆ ಇಳಿಯಿತು. ಹೊರಗೆ ಶೂನ್ಯಕ್ಕಿಂತ 34 ಡಿಗ್ರಿ ಕೆಳಗಿರುವಾಗ ಮನೆಯನ್ನು ಬೆಚ್ಚಗಿಡಲು ಮೊದಲು 13.1 ಕಿಲೋವ್ಯಾಟ್ ಬೇಕಾಗಿತ್ತು, ಈಗ 5.45 ಸಾಕಾಯಿತು.

ಈ ಕೊನೆಯ ಎರಡು ಅಂಕಿಗಳಲ್ಲಿ ಅನುಕ್ರಮದ ರಹಸ್ಯವೆಲ್ಲ ಅಡಗಿದೆ. ಮೊದಲೇ 13 ಕಿಲೋವ್ಯಾಟಿನ ಹೊಸ ಯಂತ್ರ ಕೊಂಡು, ಆಮೇಲೆ ಗೋಡೆಗೆ ಕೈಹಾಕಿದವನ ಮನೆಯಲ್ಲಿ ಯಂತ್ರ ಬೇಕಾದುದಕ್ಕಿಂತ ಇಮ್ಮಡಿ ದೊಡ್ಡದಾಗಿ ಉಳಿಯುತ್ತದೆ. ಅದು ಗಳಿಗೆಗೊಮ್ಮೆ ಹತ್ತಿ ಆರುತ್ತಿರುತ್ತದೆ. ಗೋಡೆಯನ್ನು ಬಿಗಿಗೊಳಿಸಿ ಗಾಳಿಯನ್ನು ಮರೆತವನಿಗೆ ಮೂಲೆಗಳಲ್ಲಿ ಬೂಷ್ಟು ಬರುತ್ತದೆ. ಸೋರಿಕೆ ನಿಲ್ಲಿಸಿ, ನಿರೋಧಕ ಹೊದಿಸಿ, ಗಾಳಿಗೆ ಗೊತ್ತಾದ ದಾರಿ ಮಾಡಿ, ಉಳಿದ ಅಗತ್ಯಕ್ಕೆ ತಕ್ಕ ಯಂತ್ರವನ್ನು ಕಡೆಯಲ್ಲಿ ಆರಿಸಬೇಕು. ಇಂದು ಎಲ್ಲೆಡೆ ಹೊಗಳಿಕೆ ಪಡೆಯುತ್ತಿರುವ ಹೀಟ್ ಪಂಪು ಕೂಡ ಈ ಸಾಲಿನಲ್ಲಿ ಕೊನೆಯದೇ.

ಇಷ್ಟಾದರೂ ಕೆನಡಾ ಇದನ್ನು ಬಹುಮಟ್ಟಿಗೆ ಮರೆಯಿತು. 1982ರಲ್ಲಿ ಆರಂಭವಾದ ಆರ್-2000 ಎಂಬ ಕಾರ್ಯಕ್ರಮ ಯಾಂತ್ರಿಕ ಗಾಳಿ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು, ಆದರೆ ಅದಕ್ಕೆ ಸೇರುವುದು ಕಟ್ಟುವವರ ಇಷ್ಟಕ್ಕೆ ಬಿಟ್ಟದ್ದಾಗಿತ್ತು. 1986ರಲ್ಲಿ ತೈಲದ ಬೆಲೆ ಕುಸಿಯಿತು. ಅಗ್ಗದ ಇಂಧನವಿರುವಾಗ ಸೂರು ಕತ್ತರಿಸುವವರು ಯಾರು? ವಿಚಾರ ಸಾಗರ ದಾಟಿತು. ಸ್ವೀಡನ್ನಿನ ಬೋ ಆಡಮ್ಸನ್ ಆ ದಶಕದಲ್ಲಿ ಚೀನದ ದಕ್ಷಿಣ ಭಾಗದಲ್ಲಿ, ಚಳಿಯಿದ್ದರೂ ಕಾಯಿಸುವ ವ್ಯವಸ್ಥೆಯೇ ಇಲ್ಲದ ಮನೆಗಳನ್ನು ಸುಖಕರವಾಗಿಸುವ ಬಗೆಯನ್ನು ಅಭ್ಯಸಿಸಿದ್ದರು. ಅವರೂ ಜರ್ಮನಿಯ ಭೌತವಿಜ್ಞಾನಿ ವೋಲ್ಫ್‌ಗಾಂಗ್ ಫೈಸ್ಟ್ ಅವರೂ 1988ರಲ್ಲಿ ಕೂಡಿ ಚಿಂತಿಸಿದ ಫಲವಾಗಿ ಡಾರ್ಮ್‌ಸ್ಟಾಟ್ ನಗರದ ಕ್ರಾನಿಶ್ಟೈನ್ ಬಡಾವಣೆಯಲ್ಲಿ ನಾಲ್ಕು ಸಾಲುಮನೆಗಳು ಎದ್ದವು. 1991ರಲ್ಲಿ ಜನ ವಾಸಕ್ಕೆ ಬಂದರು. ದಪ್ಪ ನಿರೋಧಕ, ಸೋರದ ಹೊದಿಕೆ, ಶಾಖ ಮರಳಿಸುವ ಗಾಳಿಪೆಟ್ಟಿಗೆ, ತೀರ ಸಣ್ಣ ಕಾಯಿಸುವ ಯಂತ್ರ: ರಿಜೈನಾದ ಪಟ್ಟಿಯೇ. ಈ ಋಣವನ್ನು ಫೈಸ್ಟ್ ಮುಚ್ಚಿಡಲಿಲ್ಲ. ಓರ್ ಮತ್ತು ಅವರ ಸಂಗಡಿಗರ ಕೆಲಸವನ್ನು ಬಹಿರಂಗವಾಗಿಯೇ ಸ್ಮರಿಸಿದರು. ಕೆನಡಾದ ಕಟ್ಟಡಗಾರರು ಮುಂದೆ ಅದನ್ನು ಜರ್ಮನಿಯ ವಿದ್ಯೆಯೆಂದು ಹಣ ಕೊಟ್ಟು ಕಲಿತರು.

ರಿಜೈನಾದ ಮನೆ ಪ್ರದರ್ಶನ ಮುಗಿದ ಮೇಲೆ ಖಾಸಗಿಯವರಿಗೆ ಮಾರಾಟವಾಯಿತು. ಜನರು ಬೆರಗಿನಿಂದ ನೋಡಿದ ಸೌರ ಕೊಳವೆಗಳನ್ನು ಕಾಲಕ್ರಮದಲ್ಲಿ ಬಿಚ್ಚಿ ತೆಗೆದರು. ಗೋಡೆಯನ್ನು ಯಾರೂ ಮುಟ್ಟಬೇಕಾಗಲಿಲ್ಲ.