ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಗೋಡೆ, ತಾರಸಿ ಮತ್ತು ಉಷ್ಣನಿವಾರಣೆ

ಸುಧೆಯಿಂದ ಲೇಪಿತವಾದುದು ಸೌಧವೆಂದು ಶಾಬ್ದಿಕರ ನಿರ್ವಚನ. ಇಲ್ಲಿ ಸುಧೆಯೆಂದರೆ ಅಮೃತವಲ್ಲ, ಸುಣ್ಣ. ಈ ಸುಣ್ಣವು ಶೋಭೆಗೆ ಮಾತ್ರವಲ್ಲದೆ ತಂಪಿಗೂ ಸಾಧನವೆಂಬುದಕ್ಕೆ ಬೆಂಗಳೂರಿನ ಹಳೆಯ ಮನೆಗಳೇ ಪ್ರಮಾಣ.

ಚಾಮರಾಜಪೇಟೆಯು 1892ರಲ್ಲಿ ಏರ್ಪಟ್ಟಿತು. 1898ರಲ್ಲಿ ಪ್ಲೇಗು ತಲೆದೋರಲು, ಪೇಟೆಯ ಇಕ್ಕಟ್ಟನ್ನು ತೊರೆದ ಅನೇಕರು ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲೆಸಿದರು. ಅಲ್ಲಿಯ ಮನೆಗಳಿಗೆ ಕೆಲವೆಡೆ ಮಂಗಳೂರು ಹೆಂಚು. ಕೆಲವೆಡೆ ಮದರಾಸು ತಾರಸಿ. ಈ ಎರಡನೆಯದರ ವಿಧಾನವು ವಿಚಾರಾರ್ಹವಾದುದು. ಮರದ ಜಂತೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸುಣ್ಣದ ಗಾರೆಯಲ್ಲಿ ಜೋಡಿಸುವರು. ಅದರ ಮೇಲೆ ಇಟ್ಟಿಗೆಚೂರು ಸುಣ್ಣಗಳ ದಪ್ಪ ಪದರವನ್ನು ಹರಡಿ, ದಿನಗಟ್ಟಲೆ ಬಡಿದು, ಕಡೆಗೆ ಚಪ್ಪಟೆ ಬಿಲ್ಲೆಗಳನ್ನು ಹಾಸುವರು.

ಈ ಊರಿನಲ್ಲಿ ಗೋಡೆಗಿಂತಲೂ ಮಾಡಿಗೇ ತಾಪವು ಹೆಚ್ಚು. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯನು ನಡುನೆತ್ತಿಗೆ ಬಂದು, ನೆರಳು ಕಾಲಡಿಯಲ್ಲಿಯೇ ಅಡಗುವುದಷ್ಟೆ. ಹಳೆಯ ತಾರಸಿಯು ಬಿಸಿಲನ್ನು ಸಂಪೂರ್ಣವಾಗಿ ತಡೆಯುವುದೆಂಬ ಲೋಕಪ್ರಶಂಸೆ ಮಾತ್ರ ಸಾಧುವಲ್ಲ. ಅದು ತಡೆಯುವುದಿಲ್ಲ, ತಡಮಾಡುವುದು. ಹಗಲಿನ ಶಾಖವು ದಪ್ಪನೆಯ ಸುಣ್ಣ ಇಟ್ಟಿಗೆಗಳಲ್ಲಿ ಸಂಚಿತವಾಗಿ, ಇಳಿಹೊತ್ತಿನ ಮೇಲೆ ಒಳಗೆ ತಲಪುವುದು. ಆ ವೇಳೆಗೆ ಹೊರಗಿನ ಗಾಳಿ ತಂಪಾಗಿರುವುದರಿಂದ, ಗೋಡೆಯ ಮೇಲ್ಭಾಗದ ಬೆಳಕಿಂಡಿಗಳ ಮೂಲಕ ಅದು ಹೊರಬೀಳುವುದು. ಏಪ್ರಿಲಿನಲ್ಲಿ ಸರಾಸರಿ ಹಗಲ ತಾಪ 34 ಡಿಗ್ರಿಯಷ್ಟಿದ್ದರೂ ರಾತ್ರಿ 22ರ ಸುಮಾರಿಗೆ ಇಳಿಯುವ ಬೆಂಗಳೂರಿಗೆ ಈ ಕ್ರಮವು ತಕ್ಕುದು. ರಾತ್ರಿಯೂ ಸೆಕೆಯಾಗಿರುವ ಕರಾವಳಿಗೆ ತಕ್ಕುದಲ್ಲ; ಅಲ್ಲಿ ಬೇಗ ಕಾದು ಬೇಗ ಆರುವ ಹೆಂಚೇ ಮೇಲು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ತೊಡಗಿದ ಹೆಂಚಿನ ಉದ್ಯಮವು ಅಲ್ಲಿ ಬೇರೂರಿದ್ದು ಆಶ್ಚರ್ಯವಲ್ಲ.

ಮುಂದೆ ನಾಲ್ಕೈದು ಅಂಗುಲದ ಕಾಂಕ್ರೀಟು ಮಾಡು ಬಂದಿತು. ಗಟ್ಟಿತನದಲ್ಲಿ ಅದು ಶ್ರೇಷ್ಠವೇ ಸರಿ. ಸೊರಗಿದ ಜಂತೆಯ ಭಯವಿಲ್ಲ. ಆದರೆ ತೆಳುವಾದುದರಿಂದ ಸಂಜೆಯೊಳಗೇ ಕಾದು ಮನೆಯನ್ನು ಬೇಯಿಸುವುದು. 2018ರ ಇಕೋ ನಿವಾಸ ಸಂಹಿತೆಯ ಪ್ರಕಾರ, ಒಳಹೊರಗಿನ ತಾಪಕ್ಕೆ ಒಂದು ಡಿಗ್ರಿ ಅಂತರವಿರುವಾಗ ಒಂದು ಚದರ ಮೀಟರು ಮಾಡಿನಲ್ಲಿ 1.2 ವ್ಯಾಟಿಗಿಂತ ಹೆಚ್ಚು ಉಷ್ಣವು ಹಾಯಕೂಡದು. ಬರಿಯ ಕಾಂಕ್ರೀಟಿನಲ್ಲಿ ಹಾಯುವುದು ಇದರ ಇಮ್ಮಡಿಗೂ ಮೀರಿದುದು. ಆದಕಾರಣ ಅದರ ಮೇಲೆ ಶಾಖನಿರೋಧಕ ಪದರವನ್ನೂ ಬಿಳಿಯ ಲೇಪವನ್ನೂ ಹಾಕುವ ಪದ್ಧತಿ ಹುಟ್ಟಿದೆ.

ಉಳಿದಿರುವ ತಾರಸಿಗಳಿಗೆ ಬಿಸಿಲಿಗಿಂತಲೂ ದುರಸ್ತಿಯೇ ಕಂಟಕ. ಸೋರಿದಾಗ ಸುಣ್ಣದ ಬದಲು ಸಿಮೆಂಟನ್ನು ಮೆತ್ತುವರು. ಸುಣ್ಣವು ತೇವವನ್ನು ಹೊರಬಿಡುವುದು, ಸಿಮೆಂಟು ಒಳಗೇ ಕೂಡಿಹಾಕುವುದು. ಅದರಿಂದ ಜಂತೆಗಳು ಕೊಳೆಯುವುವು. ಆಮೇಲೆ ದೋಷವೆಲ್ಲ ಸುಣ್ಣದ ತಲೆಯ ಮೇಲೆ.