ದೋಷವೇ ಗುಣವಾದ ನಾದ

ಸಂಗೀತದ ಚರಿತ್ರೆಯಲ್ಲಿ ಹಾಡಿದವರಿಗೆ ಹೆಸರುಂಟು, ನುಡಿಸಿದವರಿಗೆ ಹೆಸರುಂಟು. ವಾದ್ಯವನ್ನು ಮಾಡಿಕೊಟ್ಟವನಿಗೆ ಮಾತ್ರ ಬಹುಮಟ್ಟಿಗೆ ಹೆಸರಿಲ್ಲ. ವೀಣೆ ಶೇಷಣ್ಣನವರನ್ನು ಬಲ್ಲವರು ನಮ್ಮಲ್ಲಿ ಅನೇಕರು; ಅವರ ವೀಣೆಯ ದಂಡಿಯನ್ನು ಕೆತ್ತಿದ ಕೈ ಯಾರದೆಂದು ಬಲ್ಲವರು ವಿರಳ. ಇಂಥ ಮರೆವು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಲೋಕವನ್ನೆಲ್ಲ ಆವರಿಸಿದ ಒಂದು ನಾದವಿದೆ. ರಾಕ್ ಸಂಗೀತದ ಎಲೆಕ್ಟ್ರಿಕ್ ಗಿಟಾರಿನ, ಕೊಂಚ ಒರಟಾದ, ಆದರೆ ಕಂಠದಂತೆ ಎಳೆದು ಹಾಡುವ ದನಿ ಅದು. ಅದನ್ನು ಕೇಳಿದವರು ಗಿಟಾರನ್ನು ಹೊಗಳುತ್ತಾರೆ, ನುಡಿಸಿದ ಬೆರಳುಗಳನ್ನು ಹೊಗಳುತ್ತಾರೆ. ಆ ದನಿಯ ಅರ್ಧಪಾಲು ಹಿಂದೆ ನಿಂತ ಪೆಟ್ಟಿಗೆಯದು, ಎಂದರೆ ವಾಲ್ವ್ ಆಂಪ್ಲಿಫೈಯರಿನದು, ಎಂಬುದನ್ನು ಮರೆಯುತ್ತಾರೆ. ಈ ಹೊತ್ತು ಆ ಪೆಟ್ಟಿಗೆಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕನ್ನಡ ಸಾಹಿತ್ಯವನ್ನು ಪಾಠ ಹೇಳಿದವನಿಗೆ ಈ ವಿಷಯ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ‘ಕವಿರಾಜಮಾರ್ಗ’ದ ಮೊದಲನೆಯ ಪರಿಚ್ಛೇದವೇ ದೋಷಾದೋಷಗಳ ವಿಚಾರ. ಯಾವುದು ದೋಷ, ಅದು ಎಲ್ಲಿ ದೋಷವಾಗದೆ ಉಳಿಯುತ್ತದೆ ಎಂಬುದು ನಮ್ಮ ಆಲಂಕಾರಿಕರಿಗೆ ಹಳೆಯ ಪ್ರಶ್ನೆ. ಕಿವಿಗೆ ಕಟುವಾದ ಅಕ್ಷರಗಳು ಶೃಂಗಾರದಲ್ಲಿ ದೋಷ. ರೌದ್ರದಲ್ಲಿ ಅವೇ ಗುಣ. ನಾನು ಹೇಳಹೊರಟಿರುವ ಕಥೆ ಇದೇ ಸೂತ್ರಕ್ಕೆ ಒಂದು ಉದಾಹರಣೆ.

ವಾಲ್ವು ಎಂದರೆ ಗಾಳಿಯನ್ನು ತೆಗೆದುಹಾಕಿದ ಒಂದು ಗಾಜಿನ ಬುರುಡೆ. ಹಳೆಯ ರೇಡಿಯೊಗಳ ಬೆನ್ನಿನಲ್ಲಿ ಕೆಂಪಗೆ ಮಿನುಗುತ್ತಿದ್ದ ಅದನ್ನು ನಮ್ಮ ವಯಸ್ಸಿನವರೆಲ್ಲ ಕಂಡಿದ್ದೇವೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ಧ್ರುವಗಳ ವಾಲ್ವನ್ನು ಮಾಡಿದನು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದರೊಳಗೆ ಮೂರನೆಯದೊಂದು ತಂತಿಯ ಜಾಲರಿಯನ್ನು ಸೇರಿಸಿದನು. ಕಾಲುವೆಯ ತೂಬನ್ನು ಒಬ್ಬ ಹುಡುಗ ಕಿರುಬೆರಳಿನಿಂದ ಆಡಿಸಿ ಇಡೀ ನೀರಿನ ಹರಿವನ್ನು ಏರಿಸಿ ಇಳಿಸುವಂತೆ, ಆ ಜಾಲರಿಗೆ ತಾಕಿದ ಅಲ್ಪ ವಿದ್ಯುತ್ತು ಬುರುಡೆಯೊಳಗಿನ ದೊಡ್ಡ ಪ್ರವಾಹವನ್ನು ಕುಣಿಸುತ್ತದೆ. ರೇಡಿಯೊ, ಟಾಕಿ ಚಿತ್ರ, ದೂರದೂರಿಗೆ ಹೋಗುವ ಟೆಲಿಫೋನು ಎಲ್ಲವೂ ಇದರಿಂದ ಬಂದವು.

ಗಿಟಾರಿಗೆ ಇದು ಬೇಕಾದುದು ಒಂದು ಸಂಕಟದಿಂದ. ತುತ್ತೂರಿ, ಸ್ಯಾಕ್ಸೊಫೋನುಗಳ ನಡುವೆ ಮರದ ಗಿಟಾರಿನ ಸಣ್ಣ ದನಿ ಕೇಳಿಸುತ್ತಲೇ ಇರಲಿಲ್ಲ. 1930ರ ದಶಕದಲ್ಲಿ ಅಯಸ್ಕಾಂತದ ಸುರುಳಿಯಿಂದ ತಂತಿಯ ಕಂಪನವನ್ನು ಹಿಡಿಯುವ ಉಪಾಯ ಬಂದಿತು. 1939ರಲ್ಲಿ ಬೆನ್ನಿ ಗುಡ್‌ಮನ್ನನ ಮೇಳವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣನು, ಹಿಂದೆ ಕುಳಿತು ತಾಳ ಹಿಡಿಯುತ್ತಿದ್ದ ಗಿಟಾರನ್ನು ಮುಂದೆ ತಂದು ಒಂಟಿ ಸ್ವರಗಳಲ್ಲಿ ಹಾಡಿಸಿದನು. ಆಗ ಆಂಪ್ಲಿಫೈಯರ್ ಮಾಡುವವರ ಗುರಿ ಒಂದೇ: ಒಳಗೆ ಬಂದ ದನಿ ಚೂರೂ ಕೆಡದೆ ದೊಡ್ಡದಾಗಿ ಹೊರಬರಬೇಕು. ಕೆಟ್ಟರೆ ಅದು ಯಂತ್ರದ ದೋಷ.

ದೋಷವನ್ನು ಮೊದಲು ಮೆಚ್ಚಿದವರು ಎಂಜಿನಿಯರುಗಳಲ್ಲ, ಬಡ ಸಂಗೀತಗಾರರು. 1951ರಲ್ಲಿ ಮೆಂಫಿಸ್ ನಗರದಲ್ಲಿ ಐಕ್ ಟರ್ನರನ ಮೇಳದವರು ‘ರಾಕೆಟ್ 88’ ಎಂಬ ಹಾಡನ್ನು ಧ್ವನಿಮುದ್ರಿಸುವಾಗ ಅವರ ಆಂಪ್ಲಿಫೈಯರಿನ ಸ್ಪೀಕರ್ ಜಖಂಗೊಂಡಿತ್ತು. ಅದರ ಗುರುಗುಟ್ಟುವ ದನಿಯನ್ನು ಬಿಟ್ಟುಬಿಡದೆ ಹಾಗೆಯೇ ಮುದ್ರಿಸಿದರು. 1958ರಲ್ಲಿ ಲಿಂಕ್ ರೇ ಎಂಬಾತ ಬೇಕೆಂದೇ ಸ್ಪೀಕರಿನ ಕಾಗದಕ್ಕೆ ಪೆನ್ಸಿಲಿನಿಂದ ತೂತು ಹೊಡೆದನು. 1964ರಲ್ಲಿ ಲಂಡನ್ನಿನ ಕಿಂಕ್ಸ್ ಮೇಳದ ಡೇವ್ ಡೇವಿಸ್ ಅದನ್ನು ಅಲಗಿನಿಂದ ಸೀಳಿದನು. ಸ್ಪೀಕರನ್ನು ಗಾಯಗೊಳಿಸದೆಯೇ ಆ ದನಿಯನ್ನು ಪಡೆಯಬಹುದೆಂಬುದು ಮುಂದಿನ ಮೆಟ್ಟಿಲು.

ವಾಲ್ವಿಗೆ ತನ್ನ ಶಕ್ತಿಗೆ ಮೀರಿದ ಕೆಲಸವನ್ನು ಹೊರಿಸಿದಾಗ ನಾದದ ಅಲೆಯ ನೆತ್ತಿ ತಾನೇ ಮೊಂಡಾಗುತ್ತದೆ. ಟ್ರಾನ್ಸಿಸ್ಟರು ತನ್ನ ಎಲ್ಲೆಯನ್ನು ತಲುಪಿದಾಗ ಸಾಮಾನ್ಯವಾಗಿ ಅಲೆಯನ್ನು ಕತ್ತಿಯಿಂದ ಕತ್ತರಿಸಿದಂತೆ ಕಡಿಯುತ್ತದೆ. ವಾಲ್ವು ಅದನ್ನು ಉಜ್ಜಿ ದುಂಡಗೆ ಮಾಡುತ್ತದೆ. ಹೀಗೆ ಆಕಾರ ಬದಲಾದ ಅಲೆಯಲ್ಲಿ ಮೂಲಸ್ವರದ ಜೊತೆಗೆ ಅನುಸ್ವನಗಳು ಹುಟ್ಟುತ್ತವೆ. ಎರಡನೆಯದು ಮೇಲಿನ ಸ್ಥಾಯಿಯ ಷಡ್ಜ. ಮೂರನೆಯದು ಅದರ ಮೇಲಣ ಪಂಚಮ. ನಮ್ಮ ತಂಬೂರಿಯಲ್ಲಿ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲೆಳೆಯನ್ನು ಸೇರಿಸುತ್ತೇವಷ್ಟೆ. ಅದಕ್ಕೆ ಜೀವಾಳವೆಂದು ಹೆಸರು. ತಂತಿ ಕುದುರೆಯನ್ನು ಸವರಿ ಝೇಂಕರಿಸುವಂತೆ ಮಾಡುವ ಆ ಎಳೆಯನ್ನು ತೆಗೆದರೆ ನಾದ ಶುದ್ಧವಾಗಬಹುದು. ಆದರೆ ಜೀವ ಹೋಗುತ್ತದೆ. ಎರಡರ ಕಾರ್ಯವಿಧಾನ ಬೇರೆ. ಹಿಂದಿರುವ ಕಿವಿಯ ಆಸೆ ಒಂದೇ.

ಇನ್ನೊಂದು ಲಾಭವೂ ಉಂಟು. ಗಿಟಾರಿನ ತಂತಿಯನ್ನು ಮೀಟಿದ ಮರುಗಳಿಗೆಯಿಂದಲೇ ಅದರ ದನಿ ಇಳಿಯುತ್ತದೆ. ವಾಲ್ವು ತುಂಬಿ ದುಡಿಯುತ್ತಿರುವಾಗ ಮೀಟಿನ ಮೊದಲ ಪೆಟ್ಟು ಎಲ್ಲೆಗೆ ತಾಕಿ ತಗ್ಗುತ್ತದೆ. ಹಿಂದೆ ಬರುವ ಕ್ಷೀಣವಾದ ನಾದ ಅದಕ್ಕೆ ಹೋಲಿಸಿದರೆ ಮೇಲೆದ್ದು ನಿಲ್ಲುತ್ತದೆ. ವಿದ್ಯುತ್ತನ್ನು ಒದಗಿಸುವ ರೆಕ್ಟಿಫೈಯರೂ ವಾಲ್ವೇ ಆಗಿದ್ದರೆ, ಬಲವಾಗಿ ಮೀಟಿದಾಗ ವೋಲ್ಟೇಜು ಒಂದು ಕ್ಷಣ ಕುಸಿದು ಮತ್ತೆ ಚೇತರಿಸಿಕೊಳ್ಳುತ್ತದೆ. ಸ್ವರವು ಬಾಗಿ ಎದ್ದಂತೆ ಕೇಳುತ್ತದೆ. ಹೀಗೆ ಮೀಟುವ ವಾದ್ಯಕ್ಕೆ ಪಿಟೀಲಿನ ಉಸಿರು ಬಂದಿತು. ಆದರೆ ಎರಡು ಮೂರು ಸ್ವರಗಳನ್ನು ಕೂಡಿಸಿ ನುಡಿಸಿದರೆ ಅವುಗಳ ಅನುಸ್ವನಗಳು ಒಂದಕ್ಕೊಂದು ತೊಡಕಿ ಗದ್ದಲವಾಗುತ್ತದೆ. ಆದುದರಿಂದಲೇ ಈ ಸಂಗೀತದಲ್ಲಿ ಮುಂಗಿಟಾರು ಒಂಟಿ ಸ್ವರಗಳಲ್ಲಿ ನಡೆಯುತ್ತದೆ. ಜೊತೆಗಿಟಾರು ಷಡ್ಜ ಪಂಚಮಗಳೆರಡನ್ನೇ ಹಿಡಿದು ನಿಲ್ಲುತ್ತದೆ. ಯಂತ್ರದ ಸ್ವಭಾವ ಸಂಗೀತದ ವ್ಯಾಕರಣವನ್ನೇ ತಿದ್ದಿದ ಬಗೆ ಇದು.

ಈಗ ಆ ಪೆಟ್ಟಿಗೆಯ ಜನ್ಮವೃತ್ತಾಂತಕ್ಕೆ ಬರೋಣ. ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್ ಎಂಬಲ್ಲಿ ಜಿಮ್ ಮಾರ್ಷಲ್ ಎಂಬಾತ 1960ರಲ್ಲಿ ಒಂದು ವಾದ್ಯದ ಅಂಗಡಿಯನ್ನು ತೆರೆದನು. ಆತ ಡ್ರಮ್ ವಾದಕ, ಡ್ರಮ್ ಕಲಿಸುವ ಮೇಷ್ಟ್ರು. ಬಾಲ್ಯದ ಬಹುಕಾಲವನ್ನು ಮೂಳೆಯ ಕ್ಷಯದಿಂದ ಆಸ್ಪತ್ರೆಯಲ್ಲಿ ಕಳೆದವನು. ಶಾಲೆಯ ಓದು ಅಲ್ಪ. ಅಂಗಡಿಗೆ ಬರುತ್ತಿದ್ದ ಪೀಟ್ ಟೌನ್‌ಶೆಂಡ್, ರಿಚಿ ಬ್ಲಾಕ್‌ಮೋರ್ ಮೊದಲಾದ ತರುಣರು, ತಮಗೆ ಬೇಕಾದ ಆಂಪ್ಲಿಫೈಯರು ಸಿಕ್ಕುತ್ತಿಲ್ಲವೆಂದು ದೂರುತ್ತಿದ್ದರು. ಅಮೆರಿಕದ ಫೆಂಡರ್ ಕಂಪನಿಯದು ಚೆನ್ನಾಗಿತ್ತು. ಆದರೆ ಸಮುದ್ರ ದಾಟಿ ಬಂದ ಸರಕಿನ ಬೆಲೆ ಅವರ ಕೈಗೆ ಎಟುಕುತ್ತಿರಲಿಲ್ಲ. ಮಾರ್ಷಲನು ತನ್ನ ಅಂಗಡಿಯ ರಿಪೇರಿಗಾರ ಕೆನ್ ಬ್ರಾನ್, ಇ.ಎಂ.ಐ. ಸಂಸ್ಥೆಯಲ್ಲಿ ಕೆಲಸ ಕಲಿಯುತ್ತಿದ್ದ ಡಡ್ಲಿ ಕ್ರೇವನ್ ಎಂಬ ಹುಡುಗ, ಇವರನ್ನು ಕೂಡಿಕೊಂಡು 1962ರಲ್ಲಿ ಒಂದು ಆಂಪ್ಲಿಫೈಯರನ್ನು ಕಟ್ಟಿದನು. ತನ್ನ ಹೆಸರನ್ನೂ ಮಗ ಟೆರಿಯ ಹೆಸರನ್ನೂ ಸೇರಿಸಿ ಅದಕ್ಕೆ ‘ಜೆಟಿಎಂ 45’ ಎಂದು ಹೆಸರಿಟ್ಟನು.

ಇಲ್ಲಿ ಚರಿತ್ರೆಕಾರನು ಗಮನಿಸಬೇಕಾದ ಸಂಗತಿಯೊಂದಿದೆ. ಅವರು ಹೊಸದನ್ನು ಕಲ್ಪಿಸಲು ಹೊರಟವರಲ್ಲ. ಫೆಂಡರ್ ‘ಬಾಸ್‌ಮನ್’ ಎಂಬ ಮಾದರಿಯ ನಕ್ಷೆಯನ್ನೇ ಹೆಚ್ಚುಕಡಮೆ ಅನುಸರಿಸಿದರು. ಆ ಬಾಸ್‌ಮನ್ ಕೂಡ ಮುಂಗಿಟಾರಿಗೆಂದು ಮಾಡಿದುದಲ್ಲ, ತಗ್ಗುದನಿಯ ಬಾಸ್ ಗಿಟಾರಿಗೆಂದು ಮಾಡಿದುದು. ಆದರೆ ಅಮೆರಿಕದ ಬಿಡಿಭಾಗಗಳು ದುರ್ಲಭವಾದುದರಿಂದ ಇಂಗ್ಲೆಂಡಿನಲ್ಲಿ ದೊರೆತವನ್ನು ಹಾಕಿದರು. ಮೊದಲ ಹಂತದಲ್ಲಿ ಹೆಚ್ಚು ವರ್ಧಿಸುವ ‘ಇಸಿಸಿ 83’ ವಾಲ್ವನ್ನು ಕೂಡಿಸಿದರು. ಕೊನೆಯ ಹಂತಕ್ಕೆ ಸ್ವಲ್ಪ ಕಾಲದಲ್ಲೇ ‘ಕೆಟಿ 66’ ಎಂಬ ದಪ್ಪ ವಾಲ್ವು ಬಂದಿತು. ಫೆಂಡರಿನ ಹಿಂಬದಿ ತೆರೆದ ಪೆಟ್ಟಿಗೆ, ಹತ್ತಿಂಚಿನ ನಾಲ್ಕು ಸ್ಪೀಕರುಗಳು ಹೋಗಿ, ಮುಚ್ಚಿದ ಪೆಟ್ಟಿಗೆಯಲ್ಲಿ ಸೆಲೆಸ್ಚನ್ ಕಂಪನಿಯ ಹನ್ನೆರಡಿಂಚಿನ ನಾಲ್ಕು ಸ್ಪೀಕರುಗಳು ಕುಳಿತವು. ಮೂಲವನ್ನು ಅನುಕರಿಸಹೊರಟ ಕೃತಿ, ಪದಾರ್ಥದ ಭೇದದಿಂದಲೇ ಸ್ವತಂತ್ರ ಕೃತಿಯಾಯಿತು. ಸಂಸ್ಕೃತದ ಕಥೆಯನ್ನು ಕನ್ನಡಕ್ಕೆ ತಂದ ನಮ್ಮ ಹಳೆಯ ಕವಿಗಳನ್ನು ಓದಿದವರಿಗೆ ಇದು ಆಶ್ಚರ್ಯವಲ್ಲ.

ಆದರೂ ಯಂತ್ರ ಸಿದ್ಧವಾದ ಮಾತ್ರಕ್ಕೆ ನಾದ ಸಿದ್ಧವಾಗಲಿಲ್ಲ. 1966ರಲ್ಲಿ ಜಾನ್ ಮೇಯಲ್ ಎಂಬಾತನ ‘ಬ್ಲೂಸ್ ಬ್ರೇಕರ್ಸ್’ ಮೇಳ ಲಂಡನ್ನಿನ ಡೆಕ್ಕಾ ಸ್ಟುಡಿಯೊದಲ್ಲಿ ಧ್ವನಿಮುದ್ರಣಕ್ಕೆ ಹೋಯಿತು. ಗಿಟಾರು ಹಿಡಿದಿದ್ದವನು 21 ವರ್ಷದ ಎರಿಕ್ ಕ್ಲಾಪ್ಟನ್. ಅವನ ಕೈಯಲ್ಲಿದ್ದುದು ಗಿಬ್ಸನ್ ಕಂಪನಿ ಆ ರೂಪದಲ್ಲಿ ಮಾಡುವುದನ್ನು ನಿಲ್ಲಿಸಿಬಿಟ್ಟಿದ್ದ ‘ಲೆಸ್ ಪಾಲ್’ ಗಿಟಾರು. ಹಿಂದೆ ಮಾರ್ಷಲ್ ಕಂಪನಿಯ, ಸ್ಪೀಕರುಗಳನ್ನು ಒಳಗೇ ಕೂಡಿಸಿದ, ‘1962’ ಎಂಬ ಮಾದರಿ. ಅದು ಇಸವಿಯಲ್ಲ, ಪಟ್ಟಿಯ ಸಂಖ್ಯೆ. ಆಗಿನ ಸ್ಟುಡಿಯೊ ಪದ್ಧತಿಯಂತೆ ಆಂಪ್ಲಿಫೈಯರನ್ನು ಮೆಲ್ಲಗಿಟ್ಟು ಮೈಕನ್ನು ಅದರ ಬಾಯಿಗೆ ಒಡ್ಡಬೇಕು. ಕ್ಲಾಪ್ಟನ್ ಒಪ್ಪಲಿಲ್ಲ, ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸುತ್ತೇನೆಂದು ಹಟ ಹಿಡಿದನು. ನಿರ್ಮಾಪಕ ಮೈಕ್ ವರ್ನನ್, ಎಂಜಿನಿಯರ್ ಗಸ್ ಡಜನ್ ಇಬ್ಬರೂ ಆ ಹಟಕ್ಕೆ ಹೊಂದಿಕೊಂಡು ಮುದ್ರಿಸಿದರು. ಜುಲೈ ತಿಂಗಳಲ್ಲಿ ಹೊರಬಂದ ಆ ತಟ್ಟೆಯನ್ನು ಕೇಳಿದ ಗಿಟಾರುವಾದಕರು ಹಳೆಯ ಲೆಸ್ ಪಾಲ್‌ಗಳನ್ನು ಹುಡುಕತೊಡಗಿದರು. 1968ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮತ್ತೆ ಮಾಡಲು ತೊಡಗಿತು.

ಹಾಗಾದರೆ ಈ ನಾದವನ್ನು ಕಂಡುಹಿಡಿದವರು ಯಾರು? ನಕ್ಷೆ ಬರೆದ ಲಿಯೊ ಫೆಂಡರನೇ, ಅದನ್ನು ಬದಲಿಸಿದ ಹ್ಯಾನ್‌ವೆಲ್ಲಿನ ಮೂವರೇ, ಹಟ ಹಿಡಿದ ಕ್ಲಾಪ್ಟನ್ನನೇ, ಮಣಿದ ಎಂಜಿನಿಯರನೇ? ಒಬ್ಬನ ಹೆಸರನ್ನು ಹೇಳಿ ಮುಗಿಸುವುದು ಸುಲಭ. ಆದರೆ ಸತ್ಯವಲ್ಲ ಎಂದು ನನಗೆ ತೋರುತ್ತದೆ. ಫೆಂಡರನು ಬಯಸಿದುದು ಶುದ್ಧ ದನಿಯನ್ನು. ಮಾರ್ಷಲನು ಬಯಸಿದುದು ಗಿರಾಕಿಗಳ ತೃಪ್ತಿಯನ್ನು. ದೋಷವನ್ನು ದೋಷವಲ್ಲವೆಂದು ತೀರ್ಪಿತ್ತದ್ದು ಕಿವಿ. ಆ ಕಿವಿಗೆ ಯಂತ್ರವನ್ನು ಒದಗಿಸಿದ್ದು ಬಡತನ ಮತ್ತು ಆಕಸ್ಮಿಕ.

ಮುಂದಿನ ಅಧ್ಯಾಯದಲ್ಲಿ ವಿವೇಕ ಕೊಂಚ ಕಡಮೆ. ಟೌನ್‌ಶೆಂಡ್ ಮತ್ತು ಅವನ ಗೆಳೆಯ ಎಂಟ್‌ವಿಸ್ಲ್ ಇನ್ನೂ ಜೋರಾದುದು ಬೇಕೆಂದರು. 1965ರಲ್ಲಿ 100 ವಾಟಿನ ಯಂತ್ರ ಬಂದಿತು. ಮಾರ್ಷಲನ ಡ್ರಮ್ ಶಿಷ್ಯ ಮಿಚ್ ಮಿಚೆಲ್‌ನ ಮೂಲಕ ಜಿಮಿ ಹೆಂಡ್ರಿಕ್ಸ್ ಆ ಅಂಗಡಿಯನ್ನು ಕಂಡುಕೊಂಡನು. ಅವನ ಪೂರ್ಣ ಹೆಸರು ಜೇಮ್ಸ್ ಮಾರ್ಷಲ್ ಹೆಂಡ್ರಿಕ್ಸ್ ಎಂಬುದು ಕಾಕತಾಳೀಯ. ಪೆಟ್ಟಿಗೆಯ ಮೇಲೆ ಪೆಟ್ಟಿಗೆಯೇರಿ ವೇದಿಕೆಯ ಹಿಂದೆ ಗೋಡೆಯೇ ಎದ್ದಿತು. ಇದಕ್ಕೆ ತೆತ್ತ ಬೆಲೆ ಕಿವಿ. ಟೌನ್‌ಶೆಂಡ್ ತನ್ನ ಶ್ರವಣ ಕುಂದಿದುದನ್ನು ಮರೆಮಾಚದೆ ಹೇಳಿಕೊಂಡಿದ್ದಾನೆ. ನಾದವನ್ನು ಆರಿಸಿದ ಅಂಗವೇ ಅದಕ್ಕೆ ಬಲಿಯಾದುದು ಈ ಕಥೆಯ ದುಃಖದ ಭಾಗ.

ಇಂದು ಇಂಥ ಆಂಪ್ಲಿಫೈಯರನ್ನು ಆರಿಸುವ ತರುಣರು ಚರಿತ್ರೆಯಿಂದ ಕಲಿಯಬೇಕಾದುದು ಇದನ್ನೇ. ವಾಟು ಇಮ್ಮಡಿಯಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿಯೆನಿಸಬೇಕಾದರೆ ವಾಟು ಸುಮಾರು ಹತ್ತುಮಡಿಯಾಗಬೇಕು. ಕ್ಲಾಪ್ಟನ್ನನ ಯಂತ್ರ 100 ವಾಟಿನದಲ್ಲ. ಅದರ ಅರ್ಧದಷ್ಟೂ ಇರಲಿಲ್ಲ. ದೊಡ್ಡ ಯಂತ್ರವನ್ನು ಮನೆಯಲ್ಲಿ ಪಿಸುಗುಟ್ಟಿಸಿದರೆ ವಾಲ್ವುಗಳು ದುಡಿಯುವುದೇ ಇಲ್ಲ. ಸಣ್ಣ ಯಂತ್ರ ತುಂಬುದನಿಯಲ್ಲಿ ಹಾಡುತ್ತದೆ. ಈ ತೊಡಕನ್ನು ಬಿಡಿಸಲೆಂದೇ 1975ರಲ್ಲಿ ಮಾರ್ಷಲ್ ಕಂಪನಿ ‘ಮಾಸ್ಟರ್ ವಾಲ್ಯೂಮ್’ ಗುಂಡಿಯನ್ನು ತಂದಿತು. ಇಂಗ್ಲೆಂಡಿನದೇ ಆದ ವಾಕ್ಸ್ ಕಂಪನಿಯ ‘ಎಸಿ 30’ ಇನ್ನೊಂದು ದಾರಿ ಹಿಡಿಯಿತು. ‘ಇಎಲ್ 84’ ಎಂಬ ನಾಲ್ಕು ಸಣ್ಣ ವಾಲ್ವುಗಳ, ಋಣ ಮರುಪೂರಣವಿಲ್ಲದ ಅದರ ದನಿ ಮೆಲ್ಲಮೆಲ್ಲನೆ ಒಡೆಯುತ್ತದೆ. ಕ್ವೀನ್ ಮೇಳದ ಬ್ರಯನ್ ಮೇ ಅದನ್ನೇ ನೆಚ್ಚಿದನು. ಸ್ಪೀಕರನ್ನೂ ಕಡೆಗಣಿಸಬಾರದು, ಗಿಟಾರ್ ಸ್ಪೀಕರು ಸುಮಾರು 5000 ಹರ್ಟ್ಸ್‌ನ ಮೇಲಿನ ಕರಕರೆಯನ್ನು ಸೋಸಿಬಿಡುತ್ತದೆ. ಇನ್ನೊಂದು ಎಚ್ಚರಿಕೆ: ಒಳಗೆ ನೂರಾರು ವೋಲ್ಟುಗಳಿರುತ್ತವೆ, ತಂತಿಯನ್ನು ಕಿತ್ತಮೇಲೂ ಕೆಪಾಸಿಟರುಗಳಲ್ಲಿ ಪ್ರಾಣಾಪಾಯದಷ್ಟು ವಿದ್ಯುತ್ತು ಉಳಿದಿರಬಹುದು. ಬಲ್ಲವರಲ್ಲದೆ ಬೇರೆಯವರು ಬಿಚ್ಚಬಾರದು.

1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಕಾಲಕ್ರಮದಲ್ಲಿ ವಾಲ್ವನ್ನು ಮನೆಗಳಿಂದ ಹೊರಡಿಸಿತು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಒಂದು ಕಾಲಕ್ಕೆ ರೇಡಿಯೊ ವಾಲ್ವುಗಳನ್ನು ಮಾಡುತ್ತಿತ್ತು. ಎಸಿ 30ರಲ್ಲಿರುವ ಇಎಲ್ 84 ವಾಲ್ವೂ ಅವುಗಳಲ್ಲೊಂದು. ಉಪಯೋಗಿಸದೆ ಉಳಿದ ಅಂಥ ಹಳೆಯ ವಾಲ್ವುಗಳನ್ನು ಈಗ ಹೊರದೇಶಗಳ ಗಿಟಾರುವಾದಕರು ಹುಡುಕಿ ಕೊಳ್ಳುತ್ತಾರೆ. ಇಂದು ಈ ವಾಲ್ವುಗಳು ಬಹುಪಾಲು ರಷ್ಯ, ಸ್ಲೊವಾಕಿಯ, ಚೀನಗಳ ಕೆಲವೇ ಕಾರ್ಖಾನೆಗಳಿಂದ ಬರುತ್ತವೆ. 2022ರಲ್ಲಿ ಯುದ್ಧದ ಕಾರಣ ರಷ್ಯದ ವಾಲ್ವುಗಳ ಬರವಿಗೆ ಅಡ್ಡಿಯಾದಾಗ ಲೋಕದ ಗಿಟಾರುವಾದಕರೆಲ್ಲ ಕಳವಳಗೊಂಡರು.

ಜಿಮ್ ಮಾರ್ಷಲ್ 2012ರಲ್ಲಿ ತೀರಿಕೊಂಡನು. ಅವನು ವಿಜ್ಞಾನಿಯಲ್ಲ, ಗಿಟಾರುವಾದಕನೂ ಅಲ್ಲ. ಅಂಗಡಿಗೆ ಬಂದ ಹುಡುಗರ ದೂರನ್ನು ತಾಳ್ಮೆಯಿಂದ ಕೇಳಿದವನು. ಶುದ್ಧಿಯೊಂದೇ ಆದರ್ಶವೆಂದು ನಂಬಿದ ಯಂತ್ರಯುಗದಲ್ಲಿ, ಮನುಷ್ಯನ ಕಂಠ ಭಾವಾವೇಶದಲ್ಲಿ ಒಡೆಯುವಂತೆ ಯಂತ್ರವೂ ಒಡೆಯಬಲ್ಲದು, ಒಡೆದಲ್ಲಿಯೇ ರಸ ಹುಟ್ಟಬಲ್ಲದು ಎಂದು ಆ ಪೆಟ್ಟಿಗೆ ತೋರಿಸಿಕೊಟ್ಟಿತು. ದೋಷವೆಂದು ಹಣೆಪಟ್ಟಿ ಹಚ್ಚುವ ಮುನ್ನ ಯಾವ ರಸಕ್ಕೆ ಎಂದು ಕೇಳಬೇಕೆಂಬ ನಮ್ಮ ಹಿರಿಯರ ಮಾತು ಹ್ಯಾನ್‌ವೆಲ್ಲಿನ ಅಂಗಡಿಗೂ ಸಲ್ಲುತ್ತದೆ.